ಬಾಬೂನ ಎಣ್ಣೆಯ ಖಾದರ್ ಬಾಷಾ

ಖಾದರ್ ಬಾಷಾ ಒಳ್ಳೆಯ ಮನುಷ್ಯ ಎಂದು ಯಾರಾದರೂ ನಿಮಗೆ ಹೇಳಿದರೆ, ಅವರು ಅವನ ಪಕ್ಕದಲ್ಲಿ ಅಂಗಡಿ ಇಟ್ಟವರಲ್ಲ ಎಂದು ತಿಳಿದುಕೊಳ್ಳಿ. ನಾನು ಇಟ್ಟಿದ್ದೇನೆ. ಬೇಕಾಗಿತ್ತಾ ನನಗೆ ಎಂದು ದಿನಾ ಬೆಳಿಗ್ಗೆ ಷಟರ್ ಎತ್ತುವಾಗ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಗೊರಗುಂಟೆಪಾಳ್ಯದ ಸಿಗ್ನಲ್ಲಿನಿಂದ ಒಳಕ್ಕೆ ತಿರುಗಿದರೆ, ತುಮಕೂರು ರಸ್ತೆಯ ಹಾರ್ನು ಇನ್ನೂ ಕಿವಿ ಬಿಟ್ಟಿರುವುದಿಲ್ಲ, ಅಷ್ಟರಲ್ಲೇ ಸಿಗುವ ಗಲ್ಲಿಯಲ್ಲಿ ನಮ್ಮ ಮೂರು ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಡಕ್ಕೆ ಖಾದರ್ ಬಾಷಾನ ಗ್ರಂಧಿಗೆ ಅಂಗಡಿ. ಬೇರು, ತೊಗಟೆ, ಒಣಗಿದ ಹೂವು, ಎಣ್ಣೆ. ಬಲಕ್ಕೆ ಅವನ ತಮ್ಮ ಜಾಫರ್‌ನ ಗ್ರಂಧಿಗೆ ಅಂಗಡಿ. ಅದೇ ಬೇರು, ಅದೇ ತೊಗಟೆ. ನಡುವೆ ನನ್ನ ಬ್ಲೌಸ್ ಹೊಲಿಯುವ ಅಂಗಡಿ. ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಮಾತಿಲ್ಲ ಅಂದರೆ ನೇರವಾಗಿ ಇಲ್ಲ. ಬೈಗುಳವೆಲ್ಲ ನನ್ನ ಅಂಗಡಿಯ ಮೂಲಕವೇ ಹೋಗಬೇಕು. "ಟೈಲರಮ್ಮ, ಆ ಕತ್ತೆಗೆ ಹೇಳು, ಅವನ ಗೋಣಿಚೀಲ ನನ್ನ ಮೆಟ್ಟಿಲ ಮೇಲೆ ಬಂದಿದೆ." "ಟೈಲರಮ್ಮ, ಆ ದೊಡ್ಡ ಕತ್ತೆಗೆ ಹೇಳು, ಮೆಟ್ಟಿಲು ಅವರಪ್ಪಂದಲ್ಲ." ಇಬ್ಬರ ಅಪ್ಪನೂ ಒಬ್ಬನೇ ಎನ್ನುವುದು ಬಯ್ಯುವ ಭರದಲ್ಲಿ ಇಬ್ಬರಿಗೂ ನೆನಪಿರುವುದಿಲ್ಲ. ಎದುರಿಗೆ ನಾನು ಇಬ್ಬರನ್ನೂ ಭಾಯ್ ಎಂದೇ ಕರೆಯುತ್ತೇನೆ, ನೀವು ಎಂದೇ ಮಾತಾಡಿಸುತ್ತೇನೆ. ಬರೆಯುವಾಗಲೂ ಆ ಮರ್ಯಾದೆ ಕೊಡಲು ನನ್ನಿಂದ ಆಗುವುದಿಲ್ಲ.

ಖಾದರ್ ಬಾಷಾನ ಜೀವನವೆಲ್ಲ ಒಂದು ಹೂವಿನದು. ಬಾಬೂನ ಅನ್ನುತ್ತಾರೆ ಅವರ ಮನೆಯಲ್ಲಿ. ಬಟನ್ನಿಗಿಂತ ಸಣ್ಣ ಹೂವು, ಸುತ್ತ ಬಿಳಿ ಎಸಳು, ಮಧ್ಯೆ ಹಳದಿ ಉಬ್ಬು. ಉತ್ತರದ ಕಡೆಯಿಂದ ಒಣಗಿಸಿ ಚೀಲದಲ್ಲಿ ಬರುತ್ತದೆ. ಚೀಲ ಬಿಚ್ಚಿದ ದಿನ ನಮ್ಮ ಗಲ್ಲಿಯೆಲ್ಲ ಸೇಬಿನ ಹಣ್ಣಿನ ವಾಸನೆ. ಮೋರಿಯ ವಾಸನೆಯೂ ಅವತ್ತೊಂದು ದಿನ ಸೋಲುತ್ತದೆ. ಈಗ ಇದೇ ಹೂವು ಮಾಲ್‌ಗಳಲ್ಲಿ ಕ್ಯಾಮೊಮೈಲ್ ಟೀ ಅಂತ ಪುಟ್ಟ ಪುಟ್ಟ ಚೀಲದಲ್ಲಿ ಸಿಗುತ್ತದಂತೆ. ಒಂದು ಸಲ ಇಲ್ಲೇ ಸಿಂಗಾಪುರ ಲೇಔಟಿನಿಂದ ಒಬ್ಬ ಹುಡುಗಿ ಸ್ಕೂಟಿಯಲ್ಲಿ ಬಂದು, "ಅಂಕಲ್, ಕ್ಯಾಮೊಮೈಲ್ ಇದ್ಯಾ? ಸ್ಟ್ರೆಸ್ ಜಾಸ್ತಿ, ನಿದ್ದೆ ಬರಲ್ಲ," ಎಂದಳು.

"ಫೋನ್ ಎಷ್ಟು ಹೊತ್ತು ನೋಡ್ತೀಯ?" ಎಂದ ಇವನು.

ಆ ಹುಡುಗಿಯ ಮುಖ ನೋಡಬೇಕಿತ್ತು.

"ಸೇವಂತಿಗೆ ಮುಡಿದ್ರೆ ಸೀನು ಬರುತ್ತಾ? ಕಾಂಗ್ರೆಸ್ ಗಿಡ ತಗುಲಿದ್ರೆ ಮೈ ಕೆರೆಯುತ್ತಾ? ರಕ್ತ ತೆಳು ಮಾಡೋ ಮಾತ್ರೆ ತಗೋತೀಯಾ? ಬಸುರಿನಾ?"

"ಏನ್ ಅಂಕಲ್ ಹೀಗೆಲ್ಲ ಕೇಳ್ತೀರಾ!"

"ಹೇಳೋಕೆ ಆಗಲ್ಲ ಅಂದ್ರೆ ಹೋಗು. ಮಾಲ್‌ನಲ್ಲಿ ಯಾರೂ ಕೇಳಲ್ಲ, ಅಲ್ಲೇ ತಗೋ."

ಆ ಪ್ರಶ್ನೆಗಳನ್ನು ಅವನು ಎಲ್ಲರಿಗೂ ಕೇಳುತ್ತಾನೆ, ನನಗೂ ಕೇಳಿದ್ದ. ಬಾಬೂನ, ಸೇವಂತಿಗೆ, ಕಾಂಗ್ರೆಸ್ ಗಿಡ ಎಲ್ಲ ಒಂದೇ ಕುಲವಂತೆ. ಒಂದು ಆಗದವರಿಗೆ ಇನ್ನೊಂದೂ ಆಗದೆ ಹೋಗಬಹುದಂತೆ. ಕೇಳುವುದು ಸರಿಯೇ. ಆದರೆ ಕೇಳುವುದಕ್ಕೆ ಒಂದು ರೀತಿ ಬೇಡವೇ? ಪೊಲೀಸ್ ಸ್ಟೇಷನ್ನಿನಲ್ಲೂ ಮೊದಲು ಕೂರಿಸುತ್ತಾರೆ. ಇನ್ನು ಅವನು ಹೇಳುವುದೆಲ್ಲ ಸರಿ ಎಂದೇನೂ ಇಲ್ಲ. ಬಾಬೂನ ಕಷಾಯ ಕುಡಿದವರು ಫ್ಯಾನಿನ ಕೆಳಗೆ ಕೂತರೆ ಬಾಯಿ ಸೊಟ್ಟಗಾಗುತ್ತದೆ ಅನ್ನುತ್ತಾನೆ. ನಾನು ಕುಡಿದು ಫ್ಯಾನಿನ ಕೆಳಗೇ ಬೇಸಿಗೆಯೆಲ್ಲ ಹೊಲಿದಿದ್ದೇನೆ. ನನ್ನ ಬಾಯಿ ನೆಟ್ಟಗೇ ಇದೆ, ಅವನನ್ನೇ ಕೇಳಿ.

ಹೂವಿನ ಉಪಯೋಗಗಳನ್ನು ಅವನು ಒದರುವ ರೀತಿಯೂ ಜಗಳದ ಹಾಗೇ. ಹೆಂಗಸರಿಗೆ ತಿಂಗಳ ಹೊಟ್ಟೆನೋವು ಅಂದರೆ ಕಷಾಯ, ಸ್ವಲ್ಪ ಶುಂಠಿ ಹಾಕಿ. ಹೊಟ್ಟೆ ಉಬ್ಬರಕ್ಕೂ ಅದೇ. ನೆಗಡಿಗೆ ಬಿಸಿನೀರಲ್ಲಿ ಹಾಕಿ ಹಬೆ. ಬಾಯಿಹುಣ್ಣಿಗೆ ಆರಿಸಿ ಮುಕ್ಕಳಿಸುವುದು. ನಿದ್ದೆಗೆ ರಾತ್ರಿ ಊಟವಾದ ಮೇಲೆ ಒಂದು ಲೋಟ, ಮುಚ್ಚಿಟ್ಟು ನೆನೆಸಿದ್ದು; ಮುಚ್ಚದಿದ್ದರೆ ಗುಣವೆಲ್ಲ ಹಬೆಯಲ್ಲಿ ಹೋಯಿತು ಎಂದು ಗದರುತ್ತಾನೆ. ಕೂಸುಗಳಿಗೆ ಕೊಡಿ ಎಂದರೆ ಮಾತ್ರ, "ಅದಕ್ಕೆ ಡಾಕ್ಟರ್ ಹತ್ರ ಹೋಗು, ನನ್ನ ತಲೆಗೆ ಕಟ್ಟಬೇಡ," ಎಂದು ಕೈ ಮುಗಿಯುತ್ತಾನೆ. ಅವನು ಕೈ ಮುಗಿಯುವುದೂ ಹೊಡೆಯಲು ಬಂದ ಹಾಗೇ ಇರುತ್ತದೆ.

ಆದರೆ ಅವನ ಹೆಸರು ನಿಂತಿದ್ದು ಕಷಾಯದಿಂದಲ್ಲ, ಎಣ್ಣೆಯಿಂದ. ರೋಗನ್ ಬಾಬೂನ. ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊರುವ ಹಮಾಲಿಗಳ ಸೊಂಟ, ಮಂಡಿ, ಕತ್ತು ಎಲ್ಲ ಅದರ ಮೇಲೆ ನಿಂತಿವೆ. ನನ್ನ ಬಲಭುಜವೂ ಅಷ್ಟೆ, ಸುಳ್ಳು ಯಾಕೆ ಹೇಳಲಿ. ಮೂವತ್ತು ವರ್ಷ ಮಿಷನ್ನಿನ ಮೇಲೆ ಬಗ್ಗಿದ ಭುಜ. ಆ ಎಣ್ಣೆ ಬೆಚ್ಚಗೆ ಮಾಡಿ ಹಚ್ಚದಿದ್ದರೆ ಮರುದಿನ ಕತ್ತರಿ ಎತ್ತಲು ಆಗುವುದಿಲ್ಲ.

ಎಣ್ಣೆ ಕಾಯಿಸುವುದನ್ನು ಅವನು ಅಂಗಡಿಯ ಮುಂದೆ, ಬೀದಿಯಲ್ಲೇ ಮಾಡುತ್ತಾನೆ. ನೆನೆಸಿದ ಹೂವಿನ ಕಷಾಯಕ್ಕೆ ಎಳ್ಳೆಣ್ಣೆ ಸುರಿದು, ಸಣ್ಣ ಉರಿಯಲ್ಲಿ ನೀರೆಲ್ಲ ಹೋಗಿ ಎಣ್ಣೆಯೊಂದೇ ಉಳಿಯುವ ತನಕ ಕುದಿಸಬೇಕು. ಇನ್ನೇನು ಆಯಿತು ಅನ್ನುವಾಗ ಹತ್ತಿಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹಚ್ಚುತ್ತಾನೆ. ಅದರ ಹತ್ತಿರ ಕಿವಿ ಇಟ್ಟು ಕೇಳುತ್ತಾನೆ. ಚಟಪಟ ಅಂದರೆ ಒಳಗೆ ಇನ್ನೂ ನೀರಿದೆ. ಸದ್ದಿಲ್ಲದೆ ಉರಿದರೆ ಇಳಿಸಬೇಕು, ಆ ಗಳಿಗೆಯಲ್ಲೇ. ಬೇಗ ಇಳಿಸಿದರೆ ಎಣ್ಣೆ ಸ್ವಲ್ಪ ದಿನಕ್ಕೆ ಮುಗ್ಗುತ್ತದೆ. ತಡವಾದರೆ ಹೂವು ಕರಕಲಾಗಿ ಎಣ್ಣೆ ಸತ್ತುಹೋಗುತ್ತದೆ.

"ಬತ್ತಿ ಸಿಡಿಯೋದು ಕಣ್ಣಿಗೂ ಕಾಣುತ್ತಲ್ಲ ಭಾಯ್, ಕಿವಿ ಯಾಕೆ ಸುಟ್ಕೋತೀರಾ?" ಎಂದು ಒಮ್ಮೆ ಕೇಳಿದ್ದೆ.

"ದೊಡ್ಡ ನೀರು ಕಣ್ಣಿಗೆ ಕಾಣುತ್ತೆ, ಸಣ್ಣ ನೀರು ಕಿವಿಗೇ ಕೇಳಬೇಕು. ಎಣ್ಣೆ ಕೆಡಿಸೋದು ಸಣ್ಣ ನೀರೇ. ನೀನು ಬ್ಲೌಸಿಗೆ ಹುಕ್ಸ್ ಹಾಕು ಹೋಗು."

ಇದನ್ನು ಕಲಿಸಿದ್ದು ಅವರಪ್ಪ ಜಹೀರ್ ಸಾಹೇಬರು. ಅವರಿಗೆ ಬಹುವಚನ ಕೊಡಲು ನನಗೆ ಬೇಜಾರಿಲ್ಲ, ದೊಡ್ಡ ಮನುಷ್ಯರು. ಇಬ್ಬರು ಮಕ್ಕಳನ್ನೂ ಕಿವಿ ಹಿಡಿದು ಬಗ್ಗಿಸಿ, ಉರಿಯುವ ಬತ್ತಿಯ ಪಕ್ಕ ಕೂರಿಸಿ, ಯಾವುದು ಸದ್ದು, ಯಾವುದು ಸದ್ದಲ್ಲ ಎಂದು ಕಲಿಸಿದರಂತೆ. ಆ ಮನೆಯಲ್ಲಿ ಒಂದು ನೇಮ ಇತ್ತು: ಹಿರಿಯರು ಯಾರ ಕಿವಿ ಹಿಡಿದು ಕಲಿಸಿದರೋ ಅವರು ಮಾತ್ರ ಬತ್ತಿ ಕೇಳಬೇಕು. ಬೇರೆಯವರು ಪಕ್ಕದಲ್ಲಿ ನಿಂತು ಹೌದು ಅನ್ನುವ ಹಾಗೂ ಇಲ್ಲ, ಅಲ್ಲ ಅನ್ನುವ ಹಾಗೂ ಇಲ್ಲ.

ಜಹೀರ್ ಸಾಹೇಬರು ಹೋದ ಮೇಲೆ ಅಣ್ಣ ತಮ್ಮ ಒಂದೇ ಅಂಗಡಿಯಲ್ಲಿದ್ದರು. ಜಾಫರ್‌ಗೆ ಒಂದು ದಿನ ಬುದ್ಧಿ ಓಡಿತು. ಜನಕ್ಕೆ ಹಚ್ಚಿದ ಕೂಡಲೇ ಚುರುಚುರು ಅನ್ನಬೇಕು, ತಣ್ಣಗಾಗಬೇಕು, ಆಗಲೇ ಔಷಧಿ ಅನ್ನಿಸುವುದು ಎಂದು ಕುದಿಯುವ ಹಂಡೆಯೊಳಕ್ಕೆ ಕರ್ಪೂರ ಹಾಕಿಬಿಟ್ಟ. ಖಾದರ್ ಬಾಷಾ ಏನು, ಯಾಕೆ ಎಂದು ಕೇಳಲಿಲ್ಲ. ಹಂಡೆಗೆ ಒದ್ದ. ಕಾದ ಎಣ್ಣೆ ಜಾಫರ್‌ನ ಎಡಗಾಲ ಮೇಲೆ ಬಿತ್ತು. ಆ ಕೂಗು ನಾನು ಕೇಳಿದ್ದೇನೆ, ಅದರ ಬಗ್ಗೆ ಬರೆಯುವುದಿಲ್ಲ. ಪಾದದ ಚರ್ಮ ಬೆಂದು, ಮುದುರಿ, ಹಾಗೇ ಕೂತುಬಿಟ್ಟಿತು. ಈಗಲೂ ಚಳಿಗಾಲ ಬಂದರೆ ಬಿಗಿದುಕೊಂಡು ಬಿರಿಯುತ್ತದೆ, ಜಾಫರ್ ಕುಂಟುತ್ತಾನೆ. ಖಾದರ್ ಬಾಷಾ ಆಸ್ಪತ್ರೆಗೂ ಹೋಗಲಿಲ್ಲ, ತಪ್ಪಾಯಿತು ಎಂದೂ ಹೇಳಲಿಲ್ಲ. ಜಾಫರ್ ಬೇರೆ ಅಂಗಡಿ ಮಾಡಿದ, ಅದೂ ನನ್ನ ಇನ್ನೊಂದು ಪಕ್ಕದಲ್ಲೇ. ಬೆಂಗಳೂರಿನಲ್ಲಿ ಬೇರೆ ಜಾಗವೇ ಇರಲಿಲ್ಲ ನೋಡಿ ಪುಣ್ಯಾತ್ಮನಿಗೆ! ಅಲ್ಲಿ ಕರ್ಪೂರದ ಎಣ್ಣೆ ಮಾರುತ್ತಾನೆ. ಹಚ್ಚಿದರೆ ಚುರುಚುರು ಅನ್ನುತ್ತದೆ, ಅಷ್ಟೆ. ನನ್ನ ಭುಜಕ್ಕೆ ಅದು ಯಾವ ಉಪಕಾರವನ್ನೂ ಮಾಡಲಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ.

ಖಾದರ್ ಬಾಷಾಗೆ ನನ್ನ ಮಿಷನ್ನಿನ ಮೋಟಾರ್ ಸದ್ದು ಕಂಡರೆ ಆಗದು. ಮೋಟಾರ್ ಹಾಕಿಸಿದ ದಿನದಿಂದ ಮಧ್ಯದ ಗೋಡೆಯನ್ನು ಗುದ್ದುತ್ತಿದ್ದ. ನಾನು ಪೆಡಲ್ ಒತ್ತಿದರೆ ಅವನು ಗೋಡೆಗೆ ಗುದ್ದಬೇಕು. ಗೋಡೆಯ ಸುಣ್ಣ ಉದುರಿ ರೇಷ್ಮೆ ಬ್ಲೌಸಿನ ಮೇಲೆ ಬೀಳುತ್ತಿತ್ತು. ಹೋದ ವರ್ಷ ಯಾವಾಗಲೋ ಆ ಗುದ್ದು ನಿಂತುಹೋಯಿತು. ಕೊನೆಗೂ ಬುದ್ಧಿ ಬಂತಲ್ಲ, ಮನುಷ್ಯನಾದ ಎಂದುಕೊಂಡೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ಕೂಡ ಸ್ವಲ್ಪ ಜಾಸ್ತಿ ಕೊಟ್ಟೆ.

ಅದಾದ ಮೇಲೆ ಎಣ್ಣೆ ಕೆಡತೊಡಗಿತು. ನನ್ನ ಬಾಟಲಿಯ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ, ತಳದಲ್ಲಿ ಬೂದುಬಣ್ಣದ ಲೋಳೆ. ಹಮಾಲಿಗಳ ಮೇಸ್ತ್ರಿ ಮುನಿಯಣ್ಣ ತನ್ನ ಬಾಟಲಿ ತಂದು ಅಂಗಡಿಯ ಮುಂದೆ ಕುಕ್ಕಿದ.

"ಏನ್ ಬಾಯ್ ಇದು? ಇಂಗೆ ನಾರುತ್ತೆ! ನಮ್ಮ ಉಡುಗ್ರು ಅಚ್ಕೊಂಡು ಮೈಯೆಲ್ಲ ಗುಳ್ಳೆ ಎದ್ದೈತೆ."

"ನಿಮ್ಮ ಮೈ ಬೆವರಿನ ನಾತ ಅದು. ಸ್ನಾನ ಮಾಡಿ ಹಚ್ಚಿ ಅಂತ ಹೇಳಿಲ್ವಾ?"

ಮುನಿಯಣ್ಣ ಅವನಿಗಿಂತ ಕಮ್ಮಿಯವನಲ್ಲ. ಇಬ್ಬರೂ ಕೊರಳಪಟ್ಟಿಗೆ ಕೈ ಹಾಕುವ ತನಕ ಹೋದರು. ಕೊನೆಗೆ ಮುನಿಯಣ್ಣ, "ಚಳಿಗಾಲದ ಎಣ್ಣೆ ಒಂದ್ಸಲ ನಿನ್ನತ್ರಾನೇ ತಗೋತೀವಿ, ನಿಮ್ಮಪ್ಪನ ಮುಖ ನೋಡಿ. ಅದೂ ಕೆಟ್ರೆ ಯಾರ್ಡ್ ಪೂರ್ತಿ ಜಾಫರ್ ಬಾಯ್ ಅತ್ರ ಓಯ್ತದೆ," ಎಂದು ಹೇಳಿ ಹೋದ.

ಮುನಿಯಣ್ಣ ಹೇಳಿದ್ದು ಖಾದರ್ ಬಾಷಾಗೆ ಪೂರ್ತಿ ತಿಳಿದಿರಲಿಲ್ಲ. ತುಟಿ ನೋಡಿ ಅರ್ಧ ಊಹಿಸಿದ್ದ ಎಂದು ನನಗೆ ಗೊತ್ತಾದದ್ದು ಆಮೇಲೆ. ಅವನ ಹೆಂಡತಿ ಅಕ್ಬರಿ ಬ್ಲೌಸ್ ಅಳತೆ ಕೊಡುವ ನೆಪದಲ್ಲಿ ಒಳಗೆ ಬಂದು ಪರದೆ ಎಳೆದುಕೊಂಡು ಅತ್ತಳು.

"ಅವರಿಗೆ ಕಿವಿ ಕೇಳ್ತಿಲ್ಲ ಶಶಿರೇಖಾ. ಡಾಕ್ಟರ್ ನರ ಅಂತಾರೆ, ಮೆಷಿನ್ ಹಾಕಿಸ್ಕೊಳ್ಳಿ ಅಂತಾರೆ. ಇವರು ದಿನಾ ಬಾಬೂನ ಎಣ್ಣೆ ಬಿಸಿ ಮಾಡ್ಕೊಂಡು ಕಿವಿಗೆ ಬಿಟ್ಕೋತಾರೆ."

ಗೋಡೆ ಗುದ್ದುವುದು ಯಾಕೆ ನಿಂತಿತು ಎಂದು ಆಗ ತಿಳಿಯಿತು. ನಾನು ಎಳ್ಳು ಬೆಲ್ಲ ಜಾಸ್ತಿ ಕೊಟ್ಟದ್ದು ಯಾವ ಖುಷಿಗೆ ಎಂದು ನೆನೆದು ಮೈಯೆಲ್ಲ ಉರಿಯಿತು. ಬತ್ತಿಗೆ ಕಿವಿ ಇಟ್ಟರೆ ಅವನಿಗೆ ಯಾವಾಗಲೂ ಸದ್ದಿಲ್ಲ. ಸದ್ದಿಲ್ಲ ಅಂದರೆ ಆಯಿತು, ಇಳಿಸು. ಅದಕ್ಕೇ ನೀರುಳಿದ ಎಣ್ಣೆ.

ಹೋಗಿ ಅವನ ಮುಖದ ಮುಂದೆ ನಿಂತು ಕಿರುಚಿದೆ. "ಭಾಯ್, ಆ ಎಣ್ಣೆ ಕಿವಿ ನೋವಿಗೆ, ಕಿವುಡಿಗಲ್ಲ ಅಂತ ನನಗೆ ಹೇಳಿದ್ದು ನೀವೇ! ಡಾಕ್ಟರ್ ನೋಡದೆ ಕಿವಿಗೆ ಏನೂ ಬಿಡಬಾರದು ಅಂತ ಬೈದಿದ್ದೂ ನೀವೇ!"

"ನನ್ನ ಕಿವಿ ಸರಿ ಇದೆ. ಊರೇ ಪಿಸುಪಿಸು ಮಾತಾಡೋಕೆ ಶುರು ಮಾಡಿದೆ," ಎಂದ. ಕಿವಿಯಲ್ಲಿ ಹತ್ತಿ ಇತ್ತು. ಕಣ್ಣಲ್ಲಿ ಭಯ ಇತ್ತು, ಅದನ್ನು ನಾನು ಮೊದಲ ಸಲ ನೋಡಿದ್ದು.

ಅಕ್ಬರಿ, ನೀನೇ ಬತ್ತಿ ಕೇಳು ಎಂದೆ. ಅವಳು ಗಲ್ಲ ಬಡಿದುಕೊಂಡಳು. ಮಾವ ಅವಳ ಕಿವಿ ಹಿಡಿದು ಕಲಿಸಿಲ್ಲ. ಅವಳು ಬಾಯಿ ಬಿಟ್ಟರೆ ಗಂಡ ಈ ಹಂಡೆಗೂ ಒದೆಯುತ್ತಾನೆ. ಕಲಿತ ಕಿವಿ ಇನ್ನೊಂದೇ ಒಂದು ಇತ್ತು, ಅದು ನನ್ನ ಬಲಗಡೆ ಕೂತು ಕರ್ಪೂರ ಕುಟ್ಟುತ್ತಿತ್ತು.

ಜಾಫರ್ ಹತ್ತಿರ ಹೋದೆ. ದಯೆಯಿಂದ ಹೋದೆ ಎಂದುಕೊಳ್ಳಬೇಡಿ, ಭುಜ ನೋಯುತ್ತಿತ್ತು, ಹೋದೆ. "ನಿಮ್ಮಣ್ಣನಿಗೆ ಕಿವಿ ಹೋಗಿದೆ," ಎಂದೆ.

ಅವನು ನಕ್ಕ. "ಒಳ್ಳೇದಾಯ್ತು. ಅವತ್ತು ನಾನು ಕೂಗಿದ್ದು ಕೇಳಿಸಿರಲಿಲ್ಲ ಅವನಿಗೆ. ಇವತ್ತು ಏನೂ ಕೇಳದಿರಲಿ."

"ನಿಮ್ಮಪ್ಪನ ಎಣ್ಣೆ ಹಾಳಾಗುತ್ತೆ."

"ಅಪ್ಪನ ಎಣ್ಣೆ ಅವನೇ ಚೆಲ್ಲಿದ್ದು, ನನ್ನ ಕಾಲ ಮೇಲೆ. ಹೋಗಮ್ಮ, ನನಗೆ ಕೆಲಸ ಇದೆ."

ಸರಿ, ಹಾಳಾಗಿಹೋಗಿ ಇಬ್ಬರೂ ಎಂದು ಬಂದುಬಿಟ್ಟೆ.

ಚಳಿಗಾಲದ ಎಣ್ಣೆ ಕಾಯಿಸುವ ದಿನ ಬಂತು. ಮಧ್ಯಾಹ್ನದ ನಮಾಜು ಮುಗಿಸಿ ಖಾದರ್ ಬಾಷಾ ಹಂಡೆ ಏರಿಸಿದ. ಮುನಿಯಣ್ಣನೂ ಬಂದು ಎದುರಿನ ಕಟ್ಟೆಯ ಮೇಲೆ ಕೂತ, ಈ ಸಲ ಕಣ್ಣಾರೆ ನೋಡುತ್ತೇನೆ ಎಂದು. ಹೂವು ಕುದಿದು, ವಾಸನೆ ಏರಿ, ನೊರೆ ಇಳಿಯಿತು. ಇವನು ಬತ್ತಿ ಅದ್ದಿ ಹಚ್ಚಿದ. ಬಗ್ಗಿದ. ಬತ್ತಿ ಚಟಚಟ ಅಂದದ್ದು ನನ್ನ ಬಾಗಿಲಿಗೇ ಕೇಳಿಸಿತು. ಇವನು ತಲೆ ಎತ್ತಿ, "ಬಿಸ್ಮಿಲ್ಲಾ," ಎಂದು ಹಂಡೆ ಇಳಿಸಲು ಬಟ್ಟೆ ತೆಗೆದುಕೊಂಡ.

ಅಕ್ಬರಿ ಸೆರಗು ಬಾಯಿಗೆ ತುರುಕಿಕೊಂಡಳು. ಮುನಿಯಣ್ಣ ಎದ್ದು ನಿಂತ. ಅಷ್ಟರಲ್ಲಿ ಬಲಗಡೆಯಿಂದ ಕುಂಟಿಕೊಂಡು ಬಂದು ಜಾಫರ್ ನನ್ನ ಸ್ಟೂಲನ್ನು ಹೇಳದೆ ಕೇಳದೆ ಎಳೆದುಕೊಂಡು, ಹಂಡೆಯ ಎದುರಿಗೇ ಕೂತ. ಎಡಗಾಲಿನ ಚಪ್ಪಲಿ ತೆಗೆದ. ಮುದುರಿದ ಕೆಂಪು ಪಾದ ಅಣ್ಣನ ಕಣ್ಣ ಮುಂದೆಯೇ ಇಟ್ಟ.

"ಟೈಲರಮ್ಮ, ಆ ಕತ್ತೆಗೆ ಹೇಳು, ನೀರಿದೆ."

ನಾನು ಬೇರೆ ಹೇಳಬೇಕೇ? ಖಾದರ್ ಬಾಷಾ ತಮ್ಮನ ತುಟಿ ನೋಡಿದ, ಕಾಲು ನೋಡಿದ. ಕಬ್ಬಿಣದ ಸೌಟು ಎತ್ತಿ ಹಿಡಿದ. ಮತ್ತೊಂದು ಪಾದವೂ ಹೋಯಿತು ಎಂದುಕೊಂಡೆ ನಾನು. ಮುನಿಯಣ್ಣ ಓಡಿ ಬಂದು ಅಡ್ಡ ನಿಂತ. ಜಾಫರ್ ಅಲುಗಾಡಲಿಲ್ಲ. ಆ ಸುಟ್ಟ ಕಾಲಿನಿಂದ ನೆಲಕ್ಕೆ ಒಂದು ಸಲ ತಟ್ಟಿದ. ನೀರಿದೆ.

ಖಾದರ್ ಬಾಷಾ ಸೌಟು ಹಂಡೆಯೊಳಕ್ಕೇ ಬಿಟ್ಟ. ಇನ್ನೊಂದು ಬತ್ತಿ ಅದ್ದಿ, ಹಚ್ಚಿ, ಈ ಸಲ ಕಿವಿಗೆ ಹಿಡಿಯಲಿಲ್ಲ. ಕೈ ನೀಡಿ ತಮ್ಮನ ಕಡೆಗೆ ಹಿಡಿದ. ಜಾಫರ್ ಮುಖ ಬೇರೆ ಕಡೆ ತಿರುಗಿಸಿ, ಕಿವಿ ಮಾತ್ರ ಕೊಟ್ಟ. ಕಾಲು ತಟ್ಟಿತು. ಇನ್ನೊಂದು ಬತ್ತಿ. ಕಾಲು ತಟ್ಟಿತು. ನಡುನಡುವೆ ಇಬ್ಬರೂ ತಮ್ಮ ಭಾಷೆಯಲ್ಲಿ ಬಾಯಿಗೆ ಬಂದ ಹಾಗೆ ಬಯ್ದುಕೊಳ್ಳುತ್ತಲೇ ಇದ್ದರು. ಒಬ್ಬನಿಗೆ ಕೇಳುತ್ತಿರಲಿಲ್ಲ, ಇನ್ನೊಬ್ಬನಿಗೆ ಕೇಳುವುದು ಬೇಕಿರಲಿಲ್ಲ. ರಸ್ತೆಯ ಹಾರ್ನಿನಲ್ಲಿ ನನಗೂ ಈಗ ಬತ್ತಿಯ ಸದ್ದು ಕೇಳುತ್ತಿರಲಿಲ್ಲ, ಮುಗಿಯಿತೇನೋ ಎಂದುಕೊಂಡೆ. ಜಾಫರ್‌ನ ಕಾಲು ಮತ್ತೂ ತಟ್ಟಿತು. ಅದೇ ಸಣ್ಣ ನೀರು ಇರಬೇಕು.

ಕೊನೆಗೊಂದು ಬತ್ತಿಗೆ ಕಾಲು ತಟ್ಟಲಿಲ್ಲ. ಜಾಫರ್ ಎದ್ದು, ಚಪ್ಪಲಿ ಮೆಟ್ಟಿಕೊಂಡು ತನ್ನ ಅಂಗಡಿಗೆ ಹೋದ. ನನ್ನ ಸ್ಟೂಲನ್ನು ಬೀದಿಯಲ್ಲೇ ಬಿಟ್ಟು ಹೋದ, ಅಷ್ಟೂ ಸಂಸ್ಕಾರವಿಲ್ಲ. ಖಾದರ್ ಬಾಷಾ ಹಂಡೆ ಇಳಿಸಿದ.

ಆ ಎಣ್ಣೆ ಇವತ್ತಿನವರೆಗೂ ಕೆಟ್ಟಿಲ್ಲ. ನನ್ನ ಭುಜವೇ ಸಾಕ್ಷಿ. ಯಾರ್ಡಿನವರು ಪೂರ್ತಿ ತೆಗೆದುಕೊಂಡು ಹೋದರು. ಮುನಿಯಣ್ಣನ ಬಾಯಿಂದ ಒಂದು ಒಳ್ಳೆಯ ಮಾತು ಬಂತು ಎಂದರೆ ಯಾರೂ ನಂಬುವುದಿಲ್ಲ, ಹಾಗಾಗಿ ಅದನ್ನು ಬರೆಯುವುದಿಲ್ಲ.

ಬಾಟಲಿಗೆ ತುಂಬಿದ ದಿನ ಖಾದರ್ ಬಾಷಾ ಮೊದಲ ಬಾಟಲಿಯನ್ನು ತಂದು ನನ್ನ ಕತ್ತರಿಸುವ ಟೇಬಲ್ಲಿನ ಮೇಲೆ ಕುಕ್ಕಿದ. ಅವರ ಮನೆಯಲ್ಲಿ ಮೊದಲ ಬಾಟಲಿ ಹೊರಗೆ ಕೊಡುವುದಿಲ್ಲ. ಅದು ಬತ್ತಿ ಕೇಳಿದವನದು.

"ನನಗಾ?" ಎಂದೆ, ಗೊತ್ತಿದ್ದೂ.

"ನೀನ್ಯಾರು? ಆ ಕಾಲಿಗೆ. ಚಳಿ ಬಂತಲ್ಲ." ಹೇಳಿ ಹೋಗಿಬಿಟ್ಟ.

ನಾನು ಕೂಗಿ ಕರೆದೆ. ಜಾಫರ್ ಬಂದು ಬಾಟಲಿ ನೋಡಿದ. "ಮೋರಿಗೆ ಸುರಿ," ಎಂದು ಹೊರಟುಹೋದ. ನಾನು ಸುರಿಯಲಿಲ್ಲ, ಒಳ್ಳೆಯ ಎಣ್ಣೆ ಸುರಿಯಲು ನನಗೇನು ಹುಚ್ಚೇ? ಊಟ ಮಾಡಿ ಕೈ ತೊಳೆದು ಬರುವಷ್ಟರಲ್ಲಿ ಟೇಬಲ್ಲಿನ ಮೇಲೆ ಬಾಟಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಜಾಫರ್ ಷಟರ್ ಎತ್ತಲು ಬಂದಾಗ ಎಡಗಾಲು ಎಣ್ಣೆಯಲ್ಲಿ ಮಿರಿಮಿರಿ ಮಿಂಚುತ್ತಿತ್ತು. ಆದರೂ ಕುಂಟುತ್ತಿದ್ದ. ಖಾದರ್ ಬಾಷಾ ತನ್ನ ಮೆಟ್ಟಿಲ ಮೇಲೆ ನಿಂತು ಆ ಕಾಲನ್ನೇ ನೋಡುತ್ತಿದ್ದ. ಮುಖ ಕೆಂಪಾಯಿತು. ದಡದಡ ನನ್ನ ಅಂಗಡಿಗೆ ನುಗ್ಗಿ, ತನಗೆ ಕೇಳದ ಕಾರಣ ಊರಿಗೆಲ್ಲ ಕೇಳುವ ಹಾಗೆ ಕಿರುಚಿದ.

"ಟೈಲರಮ್ಮ! ಆ ಕತ್ತೆಗೆ ಹೇಳು, ತಣ್ಣಗಿರೋದು ಹಚ್ಕೊಂಡ್ರೆ ಏನೂ ಆಗಲ್ಲ. ಬೆಚ್ಚಗೆ ಮಾಡಿ ಹಚ್ಕೋಬೇಕು. ಬೆಚ್ಚಗೆ, ಸುಡೋ ಹಾಗಲ್ಲ."